ಬೆನ್ನಿಗೊಂದು ಚೀಲ, ಕೈಯಲ್ಲೊಂದು ಪಾಸು

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಒಮ್ಮೆಯಾದರೂ ಕೇಳದ ಕನ್ನಡ ಮೇಷ್ಟ್ರು ನಮ್ಮ ನಾಡಿನಲ್ಲಿ ಇರಲಾರರು. ಮಕ್ಕಳೂ ಶ್ರದ್ಧೆಯಿಂದ ಒಂದು ಪುಟ ಬರೆದು ಮೂರಕ್ಕೆ ಎರಡೂವರೆ ಅಂಕ ಗಿಟ್ಟಿಸಿಕೊಂಡು ಮನೆಗೆ ಹೋಗುತ್ತಾರೆ. ಕೋಶದ ಮಾತು ಸರಿ, ನಮ್ಮ ಬಡಾವಣೆಯ ಮಕ್ಕಳಿಗೆ ಹಂಪಿನಗರದ ಗ್ರಂಥಾಲಯ ಹತ್ತಿರದಲ್ಲೇ ಇದೆ. ದೇಶ ಸುತ್ತುವುದು ಹೇಗೆ? ಚಾರ್ಜಿಗೆ ಎಷ್ಟು ಬೇಕು, ರಾತ್ರಿ ಎಲ್ಲಿ ಮಲಗಬೇಕು, ಜತೆಗೆ ಯಾರು, ಮನೆಯಲ್ಲಿ ಒಪ್ಪುವವರು ಯಾರು? ಗಾದೆ ಕಟ್ಟಿದ ಪುಣ್ಯಾತ್ಮ ಇದ್ಯಾವುದನ್ನೂ ಹೇಳದೆ ಜಾರಿಕೊಂಡಿದ್ದಾನೆ. ವಿಜ್ಞಾನದ ಮೇಷ್ಟ್ರಿಗೆ ಲೆಕ್ಕವಿಲ್ಲದ ಮಾತು ರುಚಿಸುವುದಿಲ್ಲ. ಆದ್ದರಿಂದ ಈ ವಾರ ಗಾದೆಯ ಮೊದಲರ್ಧದ ಲೆಕ್ಕ.

ಕಳೆದ ವರ್ಷ ಜುಲೈನಲ್ಲಿ ಒಂದು ಭಾನುವಾರ ಗೋವಿಂದರಾಜನಗರದ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಬಂದರು. ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಲೇತ್ ಮಷೀನಿನ ಮುಂದೆ ನಿಂತು ದುಡಿಯುತ್ತಿರುವವರು. ಮಗಳು ನನ್ನ ಬಳಿ ಎಂಟರಿಂದ ಹತ್ತರವರೆಗೆ ಓದಿದವಳು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಜರ್ಮನಿಯ ಮಾಗ್ಡೆಬುರ್ಗ್ ಎಂಬ ಊರಿಗೆ ಎಂ.ಎಸ್ಸಿ. ಓದಲು ಹೋಗಿದ್ದಳು. ಅಲ್ಲಿ ಮೊದಲ ವರ್ಷ ಮುಗಿಯುತ್ತಿತ್ತು.

“ನೋಡಿ ಮೇಷ್ಟ್ರೇ, ಬ್ಯಾಂಕಿನಲ್ಲಿ ಸಾಲ ಮಾಡಿ ಓದೋಕೆ ಕಳಿಸಿರೋದು. ಈಗ ಫೋನ್ ಮಾಡಿ, ರಜದಲ್ಲಿ ಹದಿಮೂರು ದಿನ ಸ್ನೇಹಿತರ ಜತೆ ರೈಲಲ್ಲಿ ಊರೂರು ಸುತ್ತಿ ಬರ್ತೀನಿ ಅಂತಾಳೆ. ಒಟ್ಟು ಐದು ಜನವಂತೆ. ಮೂರು ಹುಡುಗೀರು, ಇಬ್ಬರು ಹುಡುಗರು. ಬೇಡ ಅಂತ ನೀವೊಂದು ಮಾತು ಹೇಳಿ. ನಿಮ್ಮ ಮಾತು ಅವಳು ತೆಗೆದುಹಾಕಲ್ಲ” ಎಂದರು.

ಅವರ ಆತಂಕ ಸುಮ್ಮನೆ ಹುಟ್ಟಿದ್ದಲ್ಲ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಒಂದು ರಾಜ್ಯವನ್ನು ಬಿಟ್ಟರೆ ಬಹುಪಾಲು ಕಡೆ ಬೋಧನಾ ಶುಲ್ಕವಿಲ್ಲ, ನಿಜ. ಆದರೆ ವೀಸಾ ಸಿಗಬೇಕಾದರೆ ಒಂದು ವರ್ಷದ ಊಟ ವಸತಿಯ ಹಣವನ್ನು ಮೊದಲೇ ಅಲ್ಲಿನ ಖಾತೆಯಲ್ಲಿ ಕೂಡಿಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ. ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿಗೂ ಮೀರಿದ ದುಡ್ಡು. ಅದು ಮಗಳ ಹೆಸರಿನಲ್ಲಿದ್ದರೂ ತಿಂಗಳಿಗೆ ಇಷ್ಟೇ ಎಂದು ಕೈಗೆ ಬರುತ್ತದೆ. ಲೇತ್ ಮುಂದೆ ನಿಲ್ಲುವ ತಂದೆಗೆ ಆ ಹಣದ ಒಂದೊಂದು ಯೂರೋ ಒಂದೊಂದು ಬೋಲ್ಟಿನಂತೆ ಕಾಣುತ್ತದೆ. 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳು ಸುಮಾರು 49 ಸಾವಿರ. ಅಷ್ಟು ಮನೆಗಳಲ್ಲೂ ಇಂಥದೊಂದು ಮಾತುಕತೆ ಒಮ್ಮೆಯಾದರೂ ನಡೆದಿರಬೇಕು.

ಬೇಡ ಅನ್ನುವುದಕ್ಕೆ ಮೊದಲು ಯೋಜನೆ ಏನೆಂದು ನೋಡೋಣ, ಕಳಿಸಲು ಹೇಳಿ ಎಂದೆ. ಸಂಜೆಯೊಳಗೆ ಹುಡುಗಿ ಒಂದು ಹಾಳೆಯ ಚಿತ್ರ ಕಳಿಸಿದಳು. ಮಾಗ್ಡೆಬುರ್ಗ್‌ನಿಂದ ಪ್ರಾಗ್, ಅಲ್ಲಿಂದ ವಿಯೆನ್ನಾ, ರಾತ್ರಿ ರೈಲಿನಲ್ಲಿ ವೆನಿಸ್, ಪಕ್ಕದ ಪಡುವಾ, ಮಿಲಾನಿನ ಮೇಲೆ ಬರ್ನ್, ಜಿನೀವಾ, ಪ್ಯಾರಿಸ್, ಮತ್ತೆ ಮಾಗ್ಡೆಬುರ್ಗ್. ಪ್ರತಿ ಊರಿನ ಮುಂದೆ ಅಲ್ಲಿ ಏನು ನೋಡುವುದೆಂದು ಒಂದು ಸಾಲು. ಓದುತ್ತ ಹೋದಂತೆ ನನಗೆ ನಗು ಬಂತು. ಅದು ಪ್ರವಾಸದ ಪಟ್ಟಿಯಾಗಿರಲಿಲ್ಲ, ಪ್ರೌಢಶಾಲೆಯ ವಿಜ್ಞಾನ ಪುಸ್ತಕದ ವಿಷಯಸೂಚಿಯಾಗಿತ್ತು! ಅವಳು ಓದುತ್ತಿದ್ದ ವಿಶ್ವವಿದ್ಯಾಲಯದ ಹೆಸರೇ ಓಟ್ಟೊ ಫಾನ್ ಗೆರಿಕೆ ಅವರದು. ಎರಡು ತಾಮ್ರದ ಅರ್ಧಗೋಳಗಳನ್ನು ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡೂ ಕಡೆ ಎಂಟೆಂಟು ಕುದುರೆ ಕಟ್ಟಿ ಎಳೆಸಿದರೂ ಬಿಡಿಸಲಾಗದಂತೆ ಮಾಡಿ ವಾಯುಭಾರವೆಂದರೇನೆಂದು 1650ರ ದಶಕದಲ್ಲಿ ಜನಕ್ಕೆ ತೋರಿಸಿದವರು ಅವರು. ಆ ಊರಿನ ಮೇಯರ್ ಕೂಡ ಆಗಿದ್ದರು. ಈಗಿನ ಮೇಯರುಗಳಿಂದ ನಾವು ಅಷ್ಟು ನಿರೀಕ್ಷಿಸುವುದಿಲ್ಲ.

ಇನ್ನು ಲೆಕ್ಕ. ಮಧ್ಯಮ ವರ್ಗದ ಹುಡುಗರು ಯೂರೋಪನ್ನು ರೈಲಿನಲ್ಲಿ ಸುತ್ತಲು ಸಾಧ್ಯವಾಗಿರುವುದು ಪಾಸಿನಿಂದ. ಹೊರಗಿನವರಿಗಾಗಿ ಯೂರೇಲ್ ಪಾಸು 1959ರಲ್ಲೇ ಬಂದಿತ್ತು. 1972ರಲ್ಲಿ ಅಂತರರಾಷ್ಟ್ರೀಯ ರೈಲ್ವೆ ಒಕ್ಕೂಟಕ್ಕೆ ಐವತ್ತು ವರ್ಷ ತುಂಬಿದಾಗ, 21 ವರ್ಷದೊಳಗಿನ ಯೂರೋಪಿನ ಹುಡುಗರಿಗೆಂದು ಇಂಟರ್‌ರೇಲ್ ಪಾಸು ಹೊರಡಿಸಿದರು. ಒಂದೇ ಪಾಸು, ಒಂದು ತಿಂಗಳು, 21 ದೇಶ. ಈಗ ಅದು 33 ದೇಶಗಳಲ್ಲಿ ನಡೆಯುತ್ತದೆ. ಎಲ್ಲ ವಯಸ್ಸಿನವರೂ ಕೊಳ್ಳಬಹುದು, 27 ವರ್ಷದವರೆಗಿನವರಿಗೆ ದರ ಕಡಿಮೆ. ನಮ್ಮ ಹುಡುಗಿಯಂತೆ ಅಲ್ಲಿ ವಾಸದ ಪರವಾನಗಿ ಇರುವವರಿಗೆ ಇಂಟರ್‌ರೇಲ್. ಇಲ್ಲಿಂದ ಪ್ರವಾಸಿ ವೀಸಾದ ಮೇಲೆ ಹೋಗುವವರಿಗೆ ಯೂರೇಲ್. ತಿಂಗಳಲ್ಲಿ ಯಾವುದಾದರೂ ಏಳು ದಿನ ಓಡಾಡುವ ಪಾಸಿಗೆ ಹುಡುಗರ ದರ ಸುಮಾರು ಮುನ್ನೂರು ಯೂರೋ. ಒಂದು ದಿನದಲ್ಲಿ ಎಷ್ಟು ರೈಲು ಹತ್ತಿ ಇಳಿದರೂ ಅದು ಒಂದೇ ದಿನದ ಲೆಕ್ಕ. ರಾತ್ರಿ ಹತ್ತಿ ಬೆಳಿಗ್ಗೆ ಇಳಿದರೆ ಹತ್ತಿದ ದಿನ ಮಾತ್ರ ಖರ್ಚು. ಅವಳು ಪ್ರಯಾಣವನ್ನು ಸರಿಯಾಗಿ ಏಳು ದಿನಕ್ಕೆ ಕೂಡಿಸಿದ್ದಳು. ವೆನಿಸಿನಿಂದ ಪಡುವಾಕ್ಕೆ ಅರ್ಧ ಗಂಟೆಯ ಹಾದಿ, ಅದಕ್ಕೆ ಪಾಸಿನ ಒಂದು ದಿನ ಯಾಕೆ ಹಾಳುಮಾಡಬೇಕೆಂದು ಬೇರೆ ಟಿಕೆಟ್ಟು ಬರೆದುಕೊಂಡಿದ್ದಳು. ಲೇತ್ ಕೆಲಸದವರ ಮಗಳೇ ಸರಿ ಅಂದುಕೊಂಡೆ.

ಪಾಸಿನ ಜಾಹೀರಾತಿನಲ್ಲಿ ಎದ್ದು ಕಾಣದ ಮಾತೊಂದಿದೆ, ಹೋಗುವವರು ಗಮನಿಸಬೇಕು. ಫ್ರಾನ್ಸ್, ಇಟಲಿ, ಸ್ಪೇನ್ ದೇಶಗಳ ವೇಗದ ರೈಲುಗಳಿಗೂ, ಎಲ್ಲ ರಾತ್ರಿ ರೈಲುಗಳಿಗೂ ಪಾಸಿನ ಮೇಲೆ ಪ್ರತ್ಯೇಕ ರಿಸರ್ವೇಶನ್ ಹಣ ಕಟ್ಟಬೇಕು. ಅದನ್ನು ತಿಂಗಳ ಮೊದಲೇ ಮಾಡದಿದ್ದರೆ ಪಾಸು ಕಿಸೆಯಲ್ಲಿದ್ದೂ ಪ್ಲಾಟ್‌ಫಾರಂ ಮೇಲೆ ನಿಲ್ಲಬೇಕಾಗುತ್ತದೆ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನ ಬಹುತೇಕ ಹಗಲು ರೈಲುಗಳಿಗೆ ಈ ತಾಪತ್ರಯವಿಲ್ಲ.

“ಗಡಿ ದಾಟಬೇಕಲ್ಲ ಮೇಷ್ಟ್ರೇ, ಪೊಲೀಸಿನವರು ಹಿಡಿದರೆ?” ಎಂದು ತಂದೆ ಕೇಳಿದರು. 1985ರಲ್ಲಿ ಲಕ್ಸೆಂಬರ್ಗಿನ ಶೆಂಗೆನ್ ಎಂಬ ಹಳ್ಳಿಯಲ್ಲಿ ಐದು ದೇಶಗಳು ಸಹಿ ಹಾಕಿದ ಒಪ್ಪಂದ 1995ರಲ್ಲಿ ಜಾರಿಗೆ ಬಂದು, ಈಗ ಯೂರೋಪಿನ ಹೆಚ್ಚಿನ ದೇಶಗಳಿಗೆ ಹಬ್ಬಿದೆ. ಜರ್ಮನಿಯ ವಾಸದ ಪರವಾನಗಿ ಇದ್ದವರು ಉಳಿದ ಶೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಇರಬಹುದು. ಇಂಗ್ಲೆಂಡು ಇದಕ್ಕೆ ಸೇರಿಲ್ಲ. ಈಚೆಗೆ ಕೆಲವು ಗಡಿಗಳಲ್ಲಿ ಮತ್ತೆ ತಪಾಸಣೆ ಶುರುವಾಗಿದೆ, ರೈಲಿನೊಳಗೇ ಬಂದು ಕೇಳುತ್ತಾರೆ. ಪಾಸ್‌ಪೋರ್ಟು ಮೈಮೇಲಿರಬೇಕು, ಚೀಲದಲ್ಲಿ ಅಲ್ಲ.

ಅವರ ಕೊನೆಯ ಪ್ರಶ್ನೆಯೇ ನಿಜವಾದ ಪ್ರಶ್ನೆ: “ರಾತ್ರಿ ಎಲ್ಲಿ ಮಲಗ್ತಾರೆ?”

ಇದಕ್ಕೆ ಉತ್ತರ ಕೊಡುವಾಗ ನನಗೆ ಸ್ವಲ್ಪ ಜಂಬ ಬಂತು. ಯಾಕೆಂದರೆ ಹುಡುಗರ ಪ್ರವಾಸದಲ್ಲಿ ರಾತ್ರಿ ಮಲಗುವ ಸಮಸ್ಯೆಯನ್ನು ಬಗೆಹರಿಸಿದವರು ರಾಜರಲ್ಲ, ಹೋಟೆಲಿನವರಲ್ಲ, ಒಬ್ಬ ಶಾಲಾ ಮೇಷ್ಟ್ರು. ಹೆಸರು ರಿಚರ್ಡ್ ಶಿರ್‌ಮನ್. ಜರ್ಮನಿಯ ಆಲ್ಟೆನಾ ಊರಿನವರು. 1909ರ ಆಗಸ್ಟ್ 26ರಂದು ತಮ್ಮ ಶಾಲೆಯ ಹುಡುಗರನ್ನು ಕಾಲ್ನಡಿಗೆಯಲ್ಲಿ ಪ್ರವಾಸ ಕರೆದುಕೊಂಡು ಹೊರಟಿದ್ದಾಗ ಬ್ರೋಲ್ ಕಣಿವೆಯಲ್ಲಿ ಗುಡುಗು ಮಳೆ ಹಿಡಿಯಿತು. ಅಲ್ಲಿನ ಹಳ್ಳಿ ಶಾಲೆಯ ಕೋಣೆಯೊಂದು ಸಿಕ್ಕಿತು. ರೈತನೊಬ್ಬ ಕೊಟ್ಟ ಹುಲ್ಲು ಹಾಸಿ ಹುಡುಗರು ಮಲಗಿದರು. ಮೇಷ್ಟ್ರಿಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. ರಜದ ದಿನಗಳಲ್ಲಿ ದೇಶದ ಶಾಲೆಗಳೆಲ್ಲ ಹೀಗೇ ಖಾಲಿ ಬಿದ್ದಿರುತ್ತವಲ್ಲ. ಒಂದು ದಿನದ ನಡಿಗೆಯ ದೂರಕ್ಕೊಂದರಂತೆ ಅವುಗಳಲ್ಲಿ ಹುಡುಗರು ತಂಗುವಂತಾದರೆ? ಯೂತ್ ಹಾಸ್ಟೆಲ್ ಹುಟ್ಟಿದ್ದು ಹೀಗೆ. ಮೊದಮೊದಲು ತಮ್ಮ ಶಾಲೆಯ ಕೋಣೆಯನ್ನೇ ಬಿಟ್ಟುಕೊಟ್ಟರು. 1912ರಲ್ಲಿ ಆಲ್ಟೆನಾದ ಹಳೆಯ ಕೋಟೆಯಲ್ಲಿ ಮೊದಲ ಕಾಯಂ ಹಾಸ್ಟೆಲ್ ನೆಲೆಗೊಂಡಿತು. ಅಂದಿನ ಕೋಣೆಗಳನ್ನು ಈಗಲೂ ಹಾಗೇ ಉಳಿಸಿ ಜನಕ್ಕೆ ತೋರಿಸುತ್ತಾರೆ.

ಇದೇ ಮೇಷ್ಟ್ರು ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದರು. 1915ರ ಕ್ರಿಸ್‌ಮಸ್ ಹೊತ್ತಿಗೆ ವೋಸ್ ಬೆಟ್ಟಗಳಲ್ಲಿ ಎದುರಾಳಿ ಫ್ರೆಂಚರೂ ಇವರ ಕಡೆಯವರೂ ಗುಂಡು ನಿಲ್ಲಿಸಿ, ಬ್ರೆಡ್ಡು ಬಿಸ್ಕತ್ತು ಕೊಟ್ಟು ಸಾರಾಯಿ ಸಿಗರೇಟು ಪಡೆದದ್ದನ್ನು ಕಂಡರು. ಬುದ್ಧಿವಂತ ಹುಡುಗರಿಗೆ ಪರಸ್ಪರ ಭೇಟಿಯಾಗುವ ಜಾಗಗಳಿದ್ದರೆ ಹೇಗಿರುತ್ತದೆ ಎಂದು ಅವರಿಗೆ ಅಲ್ಲಿ ಹೊಳೆಯಿತಂತೆ. 1932ರಲ್ಲಿ ಹಾಸ್ಟೆಲುಗಳ ಅಂತರರಾಷ್ಟ್ರೀಯ ಒಕ್ಕೂಟವಾಯಿತು, ಅವರು ಅದರ ಅಧ್ಯಕ್ಷರಾದರು. 1936ರಲ್ಲಿ ನಾಜಿ ಸರ್ಕಾರ ಅವರನ್ನು ಆ ಸ್ಥಾನದಿಂದ ಇಳಿಸಿತು. ಅಂಥ ಸರ್ಕಾರಕ್ಕೆ ಅಂಥ ಮೇಷ್ಟ್ರು ಬೇಕಾಗುವುದಿಲ್ಲ.

ಈಗ ಅಲ್ಲಿ ಯೂತ್ ಹಾಸ್ಟೆಲುಗಳ ಜತೆಗೆ ಖಾಸಗಿ ಹಾಸ್ಟೆಲುಗಳೂ ಬೇಕಾದಷ್ಟಿವೆ. ಒಂದು ಕೋಣೆಯಲ್ಲಿ ನಾಲ್ಕು, ಆರು, ಎಂಟು ಮಂಚ, ಒಂದರ ಮೇಲೊಂದು, ನಮ್ಮ ಸ್ಲೀಪರ್ ಬೋಗಿಯ ಹಾಗೆ. ಹುಡುಗಿಯರಿಗೆ ಪ್ರತ್ಯೇಕ ಕೋಣೆ ಕೇಳಿ ಪಡೆಯಬಹುದು. ಅನೇಕ ಕಡೆ ಅಡುಗೆಮನೆಯೂ ಇರುತ್ತದೆ. ಒಂದು ಹಾಸಿಗೆಗೆ ಮೂವತ್ತು ಯೂರೋ ಆಸುಪಾಸು, ಸ್ವಿಟ್ಜರ್ಲೆಂಡಿನಲ್ಲಿ ಇನ್ನೂ ಜಾಸ್ತಿ.

ಎಲ್ಲ ಕೂಡಿಸಿದರೆ ತಲೆಗೆ ಸುಮಾರು 850 ಯೂರೋ. ಸಾಲದ ಹಣ ಮುಟ್ಟುವುದಿಲ್ಲ, ಐದು ತಿಂಗಳು ಶನಿವಾರ ಭಾನುವಾರ ಬೇಕರಿಯಲ್ಲಿ ದುಡಿದು ಕೂಡಿಟ್ಟದ್ದಿದೆ ಎಂದು ಹುಡುಗಿ ಹಾಳೆಯ ಕೆಳಗೆ ಬರೆದಿದ್ದಳು. ಅಲ್ಲಿ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಲು ಕಾನೂನಿನ ಅವಕಾಶವಿದೆ. ಆ ವಿಷಯ ತಂದೆಗೆ ತಿಳಿದದ್ದು ಆಗಲೇ. ಬಹಳ ಹೊತ್ತು ಹಾಳೆ ನೋಡುತ್ತ ಕೂತರು. ಮಗಳು ಬೇಕರಿಯಲ್ಲಿ ಟ್ರೇ ಎತ್ತುತ್ತಾಳೆಂಬ ದುಃಖವೋ, ಕೇಳದೆ ದುಡಿದುಕೊಂಡಳೆಂಬ ಹೆಮ್ಮೆಯೋ, ನನಗೆ ತಿಳಿಯಲಿಲ್ಲ.

ಹುಡುಗರ ಜತೆ ಹೋಗುವ ವಿಚಾರದಲ್ಲಿ ನಾನು ಭಾಷಣ ಮಾಡಲಿಲ್ಲ. ಅಷ್ಟು ದೂರದ ಊರಿಗೆ ಒಬ್ಬಳನ್ನೇ ಕಳಿಸಿ ಒಂದು ವರ್ಷವಾಯಿತು, ಈ ಒಂದು ವರ್ಷ ಅವಳನ್ನು ಕಾದವರು ಯಾರು ಎಂದಷ್ಟೇ ಕೇಳಿದೆ. ಅವರು ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳಿದರಂತೆ. ಆಕೆಯ ತೀರ್ಪು ಒಂದೇ ಮಾತಿನದು: “ಹೋಗ್ಲಿ ಬಿಡಿ. ನಾನಂತೂ ತಿರುಪತಿ ಧರ್ಮಸ್ಥಳ ಬಿಟ್ಟರೆ ಇನ್ನೊಂದು ಊರು ಕಾಣಲಿಲ್ಲ.”

ಸೆಪ್ಟೆಂಬರಿನಲ್ಲಿ ಐವರೂ ಹೊರಟರು. ನಮ್ಮ ಹುಡುಗಿ, ಹುಬ್ಬಳ್ಳಿಯವಳೊಬ್ಬಳು, ಪುಣೆಯವಳೊಬ್ಬಳು, ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿದ ಹುಡುಗ, ಜತೆಗೆ ಕೊಯಮತ್ತೂರಿನವನೊಬ್ಬ. ಚೀಲಕ್ಕೆ ಎಂಟು ಕಿಲೋ ಮಿತಿ ಹಾಕಿಕೊಂಡಿದ್ದರು. ಚೀಲದ ಬಗ್ಗೆ ಮೇಷ್ಟ್ರ ಒಂದು ಮಾತು: ಭಾರದ ವಸ್ತು ಬೆನ್ನಿಗೆ ಒತ್ತಿಕೊಂಡಂತೆ ಇರಬೇಕು, ಗುರುತ್ವಕೇಂದ್ರ ಹಿಂದಕ್ಕೆ ಹೋದಷ್ಟೂ ನೀವು ಮುಂದಕ್ಕೆ ಬಾಗುತ್ತೀರಿ. ಸೊಂಟದ ಪಟ್ಟಿ ಬಿಗಿದರೆ ಭಾರ ಹೆಗಲು ಬಿಟ್ಟು ಸೊಂಟದ ಮೂಳೆಗೆ ಇಳಿಯುತ್ತದೆ. ನಮ್ಮಲ್ಲಿ ಆ ಪಟ್ಟಿಯನ್ನು ಬರಿದೇ ಜೋತುಬಿಟ್ಟುಕೊಂಡು ಓಡಾಡುವವರೇ ಹೆಚ್ಚು.

ದಿನಕ್ಕೊಂದು ಪುಟದಂತೆ ಬರೆದಿಟ್ಟದ್ದನ್ನು ಆಮೇಲೆ ನನಗೂ ಕಳಿಸಿದಳು. ಡ್ರೆಸ್ಡೆನ್ ದಾಟಿದ ಮೇಲೆ ರೈಲು ಎಲ್ಬೆ ನದಿಯ ದಂಡೆ ಹಿಡಿದೇ ಸಾಗುತ್ತದಂತೆ. ಮಾಗ್ಡೆಬುರ್ಗ್‌ನಲ್ಲಿ ದಿನವೂ ಕಾಣುವ ಅದೇ ನದಿ, ಇಲ್ಲಿ ಬಂಡೆಗಳ ನಡುವೆ ಬೇರೆಯದೇ ರೂಪ. ಪ್ರಾಗ್‌ನಲ್ಲಿ 1410ರ ಖಗೋಳ ಗಡಿಯಾರದ ಮುಂದೆ ನೆರೆದ ಗುಂಪನ್ನು ನೋಡಿ ಹುಬ್ಬಳ್ಳಿಯ ಹುಡುಗಿ, “ಯವ್ವಾ, ಟೈಮ್ ನೋಡಾಕ ಇಷ್ಟ್ ಮಂದಿ ಕೂಡ್ಯಾರಲ್ಲ!” ಅಂದಳಂತೆ. ಅದೇ ಚೌಕದ ಚರ್ಚಿನಲ್ಲಿ ಟೈಕೋ ಬ್ರಾಹೆಯ ಸಮಾಧಿಯಿದೆ. ದೂರದರ್ಶಕ ಬರುವ ಮೊದಲೇ ಬರಿಗಣ್ಣಿನಿಂದ ಗ್ರಹಗಳನ್ನು ಅಳೆದಿಟ್ಟ ಅವನ ಲೆಕ್ಕವೇ ಕೆಪ್ಲರನ ನಿಯಮಗಳಿಗೆ ತಳಹದಿ. ವಿಯೆನ್ನಾದ ದೊಡ್ಡ ಸ್ಮಶಾನದಲ್ಲಿ ಬೋಲ್ಟ್ಸ್‌ಮನ್ನನ ಸಮಾಧಿಯ ಮೇಲೆ ಅವನ ಸೂತ್ರವನ್ನೇ ಕೆತ್ತಿದ್ದಾರೆ. ಬರ್ನ್ ನಗರದಲ್ಲಿ ಕ್ರಾಮ್‌ಗಾಸ್ಸೆ ಬೀದಿಯ 49ನೇ ನಂಬರಿನ ಮನೆ: 1905ರಲ್ಲಿ ಪೇಟೆಂಟ್ ಕಚೇರಿಯ ಗುಮಾಸ್ತೆ ಐನ್‌ಸ್ಟೈನ್ ಇದ್ದ ಬಾಡಿಗೆ ಮನೆ. “ಸರ್, ನಮ್ಮ ಮನೆಗಿಂತ ತುಸುವೇ ದೊಡ್ಡದು” ಎಂದು ಬರೆದಿದ್ದಾಳೆ. ಜಿನೀವಾ ಸ್ಟೇಷನ್ನಿನಿಂದ ಟ್ರಾಮ್ ಹತ್ತಿದರೆ ಸರ್ನ್ ಪ್ರಯೋಗಾಲಯದ ಬಾಗಿಲಿಗೇ ಇಳಿಸುತ್ತದೆ. ಅದರ ಆವರಣದಲ್ಲಿ 2004ರಲ್ಲಿ ಭಾರತ ಕೊಟ್ಟ ನಟರಾಜನ ವಿಗ್ರಹವಿದೆ. ಕೊಯಮತ್ತೂರಿನ ಹುಡುಗ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟನಂತೆ.

ಎಲ್ಲವೂ ಹೂವಿನ ಹಾಸಿಗೆಯಾಗಿರಲಿಲ್ಲ. ಒಂದು ರೈಲು ನಲವತ್ತು ನಿಮಿಷ ತಡವಾಗಿ ಮುಂದಿನದು ತಪ್ಪಿತು. ಯೂರೋಪಿನ ರೈಲುಗಳು ಗಡಿಯಾರದಂತೆ ಎಂಬ ನಮ್ಮ ನಂಬಿಕೆ ಹಳೆಯದಾಯಿತು. ವೆನಿಸಿನಲ್ಲಿ ಪುಣೆಯವಳ ಪರ್ಸು ಹೋಯಿತು. ಬರ್ನ್‌ನಲ್ಲಿ ಊಟದ ಬೆಲೆ ನೋಡಿ ಗಾಬರಿಯಾಗಿ, ಹಾಸ್ಟೆಲಿನ ಒಲೆಯ ಮೇಲೆ ಉಪ್ಪಿಟ್ಟು ಮಾಡಿಕೊಂಡರು. ರವೆ ಗೋವಿಂದರಾಜನಗರದ್ದು, ಅಮ್ಮ ಹುರಿದು ಕಳಿಸಿದ್ದು. ಹತ್ತನೆಯ ದಿನ ಕಾಸರಗೋಡಿನವನಿಗೂ ಹುಬ್ಬಳ್ಳಿಯವಳಿಗೂ ಜಗಳವಾಗಿ ಜಿನೀವಾದಿಂದ ಪ್ಯಾರಿಸ್‌ವರೆಗೆ ಮಾತಿಲ್ಲ. ಇದೂ ಶಿಕ್ಷಣವೇ. ಕಾರಿನಲ್ಲಾದರೆ ಮುಖ ತಿರುಗಿಸಿ ಕೂರಬಹುದು, ರೈಲಿನಲ್ಲಿ ಎದುರುಬದುರು ಸೀಟು.

ಪ್ಯಾರಿಸ್ಸಿನ ಎರಡು ಸಂಗತಿಗಳನ್ನು ಮಾತ್ರ ವಿವರವಾಗಿ ಹೇಳಬೇಕು. ಪ್ಯಾಂಥಿಯಾನ್ ಕಟ್ಟಡದ ಗುಮ್ಮಟದಿಂದ ಫೂಕೋ ಎಂಬ ವಿಜ್ಞಾನಿ 1851ರಲ್ಲಿ 67 ಮೀಟರ್ ತಂತಿಗೆ 28 ಕಿಲೋ ಗುಂಡು ಕಟ್ಟಿ ತೂಗಿಬಿಟ್ಟ. ಲೋಲಕ ತೂಗುವ ದಿಕ್ಕು ನಿಧಾನವಾಗಿ ತಿರುಗುತ್ತ ಹೋಗುತ್ತದೆ. ತಿರುಗುತ್ತಿರುವುದು ನಿಜಕ್ಕೂ ಕೆಳಗಿನ ನೆಲ, ಅಂದರೆ ಭೂಮಿ. ಈಗಲೂ ಅಲ್ಲಿ ಅಂಥದೇ ಲೋಲಕ ತೂಗುತ್ತಿದೆ. ಗಂಟೆಗೆ ಹನ್ನೊಂದು ಡಿಗ್ರಿಗಿಂತ ತುಸು ಹೆಚ್ಚು. ಪೂರ್ತಿ ಒಂದು ಸುತ್ತಿಗೆ ಸುಮಾರು 32 ಗಂಟೆ. ಹುಡುಗಿ ಅಲ್ಲೇ ನಿಂತು ನನಗೆ ಫೋನ್ ಮಾಡಿ, “ಸರ್, ನಮ್ಮೂರಲ್ಲಿ ಕಟ್ಟಿದರೆ ಎಷ್ಟು ಹೊತ್ತು?” ಎಂದಳು. ನಾನು ಬಟಾಣಿ ಬಿಡಿಸುತ್ತ ಕೂತಿದ್ದೆ. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. 24 ಗಂಟೆಯನ್ನು ಅಕ್ಷಾಂಶದ ಸೈನ್ ಬೆಲೆಯಿಂದ ಭಾಗಿಸಬೇಕು. ನೂರ ಏಳು ಗಂಟೆಯ ಹತ್ತಿರ, ಅಂದರೆ ಸುಮಾರು ನಾಲ್ಕೂವರೆ ದಿನ. ಸಮಭಾಜಕ ವೃತ್ತದ ಮೇಲಾದರೆ ತಿರುಗುವುದೇ ಇಲ್ಲ. ಮೂವತ್ತು ವರ್ಷ ಪಾಠ ಮಾಡಿದರೂ ತರಗತಿಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಹದಿನಾಲ್ಕು ವರ್ಷದವಳಾಗಿದ್ದಾಗ ಅವಳೂ ಕೇಳಿರಲಿಲ್ಲ.

ಇನ್ನೊಂದು, ವೋಜಿರಾರ್ ಬೀದಿಯ 36ನೇ ನಂಬರಿನ ಕಟ್ಟಡದ ಕಮಾನಿನ ಕೆಳಗೆ ಗೋಡೆಯಲ್ಲಿ ಹುದುಗಿಸಿದ ಅಮೃತಶಿಲೆಯ ಒಂದು ಮೀಟರು. ಫ್ರೆಂಚ್ ಕ್ರಾಂತಿಯ ನಂತರ, 1790ರ ದಶಕದಲ್ಲಿ ಹೊಸ ಅಳತೆ ಜನಕ್ಕೆ ರೂಢಿಯಾಗಲೆಂದು ಊರಿನ ಬೀದಿಗಳಲ್ಲಿ ಇಂಥವನ್ನು ಇಟ್ಟಿದ್ದರು. ನೋಡಲು ಟಿಕೆಟ್ಟಿಲ್ಲ, ಕಾವಲಿಲ್ಲ, ಮುಟ್ಟಬಹುದು. ಅದರ ಚಿತ್ರ ತಂದೆಯ ಫೋನಿಗೂ ಹೋಯಿತು. ಮಾರನೆಯ ದಿನ ಅವರು ಅದನ್ನು ಕಾರ್ಖಾನೆಗೆ ಒಯ್ದು ಎಲ್ಲರಿಗೂ ತೋರಿಸಿದರು. ದಿನವೆಲ್ಲ ವರ್ನಿಯರ್ ಹಿಡಿದು ಮಿಲಿಮೀಟರಿನ ನೂರನೆಯ ಭಾಗಕ್ಕೆ ಜಗಳವಾಡುವ ಕೈಗಳು ಅವು. ಸಂಜೆ ದಾರಿಯಲ್ಲಿ ಸಿಕ್ಕವರು, “ಮೇಷ್ಟ್ರೇ, ಆ ಕಲ್ಲಿನ ಗೆರೆ ದಪ್ಪ ಜಾಸ್ತಿಯಾಯ್ತು. ಗೆರೆಯ ಯಾವ ಅಂಚಿಂದ ಅಳೀಬೇಕು ಅಂತ ಅವಳು ಕೇಳಿಕೊಂಡು ಬಂದಿದ್ದಾಳಾ?” ಎಂದರು. ಇಂಥ ಸಂದೇಹಗಳ ಬೆನ್ನು ಹತ್ತಿಯೇ ವಿಜ್ಞಾನಿಗಳು ಕಲ್ಲನ್ನು ಬಿಟ್ಟು ಪ್ಲಾಟಿನಮ್ಮಿಗೆ, ಪ್ಲಾಟಿನಮ್ ಬಿಟ್ಟು ಬೆಳಕಿಗೆ ಬಂದರು. 1983ರಿಂದ ಮೀಟರಿನ ಅಳತೆ ಬೆಳಕಿನ ವೇಗವನ್ನು ಆಧರಿಸಿದೆ. ಇದನ್ನು ಮಾಗಡಿ ರಸ್ತೆಯ ಬಸ್‌ಸ್ಟಾಪಿನಲ್ಲಿ ನಿಂತು ಅವರಿಗೆ ವಿವರಿಸಿದೆ. ಎರಡು ಬಸ್ಸು ಬಿಟ್ಟರು.

ಓದುಗರು ಕೇಳಬಹುದು, ಜರ್ಮನಿಗೆ ಹೋದವರ ಕಥೆ ಇದು, ನಮ್ಮ ಮಕ್ಕಳಿಗೇನು? ಯೂತ್ ಹಾಸ್ಟೆಲ್ ನಮಗೆ ಹೊಸದಲ್ಲ. 1945ರಲ್ಲಿ ಸ್ಕೌಟ್ಸ್‌ನವರು ಶಿಮ್ಲಾ ಹತ್ತಿರದ ತಾರಾದೇವಿಯಲ್ಲಿ ಮೊದಲನೆಯದನ್ನು ತೆರೆದರು. ಅಖಿಲ ಭಾರತ ಸಂಘ ಕಟ್ಟಬೇಕೆಂದು ಆಸಕ್ತರೆಲ್ಲ 1949ರಲ್ಲಿ ಸಭೆ ಸೇರಿದ್ದು ನಮ್ಮ ಮೈಸೂರಿನಲ್ಲಿ. ರೈಲ್ವೆಯವರು 2020ರ ಮಾರ್ಚಿನಲ್ಲಿ ಹಿರಿಯ ನಾಗರಿಕರ ರಿಯಾಯಿತಿ ಕಿತ್ತುಕೊಂಡರೂ ವಿದ್ಯಾರ್ಥಿಗಳದ್ದನ್ನು ಉಳಿಸಿದ್ದಾರೆ. (ನನಗೆ ಅರವತ್ತಾಗುವ ಹೊತ್ತಿಗೆ ಅದೂ ಮರಳಿ ಬಂದೀತೆಂಬ ಆಸೆಯಿದೆ.) ಶೈಕ್ಷಣಿಕ ಪ್ರವಾಸಕ್ಕೆ ಎರಡನೆಯ ದರ್ಜೆಯಲ್ಲಿ ಮಕ್ಕಳಿಗೆ ಅರ್ಧ ಚಾರ್ಜು. ಮುಖ್ಯೋಪಾಧ್ಯಾಯರ ಸಹಿಯ ಅರ್ಜಿ ಸಾಕು. ಆದರೂ ನಮ್ಮ ಶಾಲೆಗಳು ಪ್ರವಾಸವೆಂದರೆ ವಿಡಿಯೋ ಕೋಚ್ ಬಸ್ಸು ಗೊತ್ತುಮಾಡಿ, ಎರಡು ದಿನದಲ್ಲಿ ಒಂಬತ್ತು ಊರು ತೋರಿಸಿ, ಅರ್ಧ ಮಕ್ಕಳಿಗೆ ವಾಂತಿ ಮಾಡಿಸಿ ಕರೆತರುತ್ತವೆ.

ಈ ಡಿಸೆಂಬರಿನಲ್ಲಿ ನಮ್ಮ ಎಂಟನೆಯ ತರಗತಿಯ ಮೂವತ್ತೆರಡು ಮಕ್ಕಳನ್ನು ರೈಲಿನಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಕರೆದೊಯ್ಯಲು ಹೊರಟಿದ್ದೇವೆ. 55 ಕಿಲೋಮೀಟರಿನಲ್ಲಿ 57 ಸುರಂಗ. ಐವತ್ತಡಿ ಮುಂದೆ ಹೋದರೆ ಒಂದಡಿ ಇಳಿಜಾರು. ಇಳಿಜಾರು, ಘರ್ಷಣೆ, ಬ್ರೇಕು, ಮೂರೂ ಪಾಠ ಕಿಟಕಿಯಲ್ಲೇ ಆಗುತ್ತದೆ. ಮಕ್ಕಳು ಒಂದೊಂದು ಚೀಲ ತರಬೇಕು, ನಾಲ್ಕು ಕಿಲೋ ಮೀರಬಾರದು. ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿಯೇ ಕರೆದೊಯ್ಯುವುದು. ರಾತ್ರಿ ತಂಗಲು ಘಟ್ಟದ ಕೆಳಗಿನ ಒಂದು ಹಳ್ಳಿ ಶಾಲೆಯ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದು, ಶಿರ್‌ಮನ್ ಮೇಷ್ಟ್ರ ಕಥೆಯನ್ನೂ ಅದರಲ್ಲೇ ಸೇರಿಸಿದ್ದೆ. ಹೋದ ವಾರ ಉತ್ತರ ಬಂತು. ಎರಡು ಕೋಣೆ ತೆರವು ಮಾಡಿಕೊಡುತ್ತಾರಂತೆ, ಗಂಜಿ ಉಪ್ಪಿನಕಾಯಿಯ ಏರ್ಪಾಡೂ ಅವರದೇ. ಈಗ ಅವರ ಕಡೆ ಭತ್ತ ಬೆಳೆಯುವವರು ಕಡಿಮೆಯಾಗಿ ಹುಲ್ಲು ಸಿಗುವುದು ಕಷ್ಟ, ಜಮಖಾನ ಹಾಸಿದರೆ ನಡೆದೀತೇ ಎಂದು ಕೇಳಿದ್ದಾರೆ.